ಸಿನಿಮಾದ ಗೊಂಬೆ, ನನ್ನ ಕೊರಳ ಟಾಕು

ಸತ್ತ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ. ಬದುಕಿದ್ದವಳಾದರೆ ಜಗಳ ತೆಗೆಯಬಹುದು, ಅವಳ ಅಡಿಗೆಯಲ್ಲಿ ಕೊಂಕು ಹುಡುಕಬಹುದು, ಅವಳ ಹಲ್ಲೂ ಒಂದೊಂದೇ ಬೀಳುವುದನ್ನು ನೋಡಿ ಸಮಾಧಾನ ಮಾಡಿಕೊಳ್ಳಬಹುದು. ಸತ್ತವಳ ಹಲ್ಲು ಬೀಳುವುದಿಲ್ಲ. ನನ್ನ ಗಂಡನ ಮೊದಲ ಹೆಂಡತಿ ಸಾಯುವಾಗ ಎಷ್ಟು ಚಿಕ್ಕವಳಿದ್ದಳೋ ಈಗಲೂ ಅಷ್ಟೇ ಚಿಕ್ಕವಳು. ನಾನು ಮಾತ್ರ ಮುದುಕಿಯಾದೆ.

ಅವಳು ಯಡೂರಿನವಳು, ಕೃಷ್ಣಾ ಹೊಳೆಯ ದಂಡೆಯವಳು. ನಾನು ಅಥಣಿ ಕಡೆಯ ಐಗಳಿಯವಳು, ಒಣಭೂಮಿಯವಳು. ಇಬ್ಬರನ್ನೂ ಕೊಟ್ಟದ್ದು ಶಿರಗುಪ್ಪಿಯ ಈ ಒಂದೇ ಮನೆಗೆ, ಒಬ್ಬಳಾದ ಮೇಲೆ ಒಬ್ಬಳನ್ನು. ನಮ್ಮಲ್ಲಿ ಸೊಸೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ತವರೂರು ಹಿಡಿದು ಕರೆಯುತ್ತಾರೆ. ಅವಳು ಯಡೂರಾಕಿ, ನಾನು ಐಗಳ್ಯಾಕಿ. ಅವಳು ಮಕ್ಕಳಾಗುವ ಮೊದಲೇ ಜ್ವರ ಬಂದು ಹೋದಳು. ನಾನು ಬಂದೆ, ಮಗನನ್ನು ಹೆತ್ತೆ, ಎಮ್ಮೆ ಕಟ್ಟಿದೆ, ಕಬ್ಬಿಗೆ ನೀರು ಹಾಯಿಸಿದೆ.

ಎರಡನೇ ಹೆಂಡತಿಯಾಗಿ ಬಂದವಳ ಕೊರಳಿಗೆ ನಮ್ಮ ಕಡೆ ಒಂದು ಟಾಕು ಕಟ್ಟುತ್ತಾರೆ. ಟಾಕು ಎಂದರೆ ಹೆಬ್ಬೆರಳಿನ ಉಗುರಿನಷ್ಟು ಬೆಳ್ಳಿಯ ತಗಡು. ಅದರ ಮೇಲೆ ಸತ್ತವಳ ರೂಪ ಒತ್ತಿಸಿರುತ್ತಾರೆ. ರೂಪ ಅಂದರೇನು, ಎರಡು ಕಣ್ಣು, ಒಂದು ಮೂಗು, ಸೀರೆಯ ನಿರಿಗೆ. ಯಾರದೂ ಆಗಬಹುದು. ಆದರೆ ನನ್ನ ಗಂಡ ಅಥಣಿಯ ಅಕ್ಕಸಾಲಿಗನ ಮುಂದೆ ತಾನೇ ಕೂತು, ಮೂಗು ಇನ್ನಷ್ಟು ನೆಟ್ಟಗಾಗಲಿ ಎಂದು ತಿರುಗಿ ಒತ್ತಿಸಿದನಂತೆ. ನನ್ನ ಅತ್ತೆ ಹೇಳಿದ ಮಾತಿದು. ನನ್ನ ಮೂಗು ನೆಟ್ಟಗಿಲ್ಲ.

ಸತ್ತವಳ ಆತ್ಮ ಆ ಟಾಕಿನಲ್ಲಿ ಕೂತಿರುತ್ತದೆ ಎನ್ನುತ್ತಾರೆ. ಅವಳಿಗೆ ಅಲ್ಲಿ ಜಾಗ ಕೊಟ್ಟರೆ ಹೊಸಬಳನ್ನು ಕಾಡುವುದಿಲ್ಲ. ಹೊಸ ಸೀರೆ ತಂದರೆ ಮೊದಲು ಟಾಕಿನ ಮುಂದೆ ಇಟ್ಟು, ಉಟ್ಟುಕೊಳ್ಳವ್ವ ಎನ್ನಬೇಕು. ಅವಳು ಉಟ್ಟಾದ ಮೇಲೆ ನಾನು. ಹೀಗಾಗಿ ಈ ಮನೆಯಲ್ಲಿ ನಾನು ಹೊಸ ಸೀರೆ ಉಟ್ಟೇ ಇಲ್ಲ. ಎಲ್ಲವೂ ಅವಳು ಉಟ್ಟು ಬಿಟ್ಟದ್ದು.

ಇದನ್ನೆಲ್ಲ ಬರೆಯಲು ಕಾರಣ ಒಂದು ಸಿನಿಮಾ. ನಾನು ಓದಿದ್ದು ಎರಡನೇ ಇಯತ್ತೆ. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ, ಒತ್ತು ದೀರ್ಘ ಮೊಮ್ಮಗಳು ನೋಡುತ್ತಾಳೆ. ಚಿಕ್ಕೋಡಿಯ ಕಾಲೇಜಿಗೆ ಹೋಗುವವಳು ಅವಳು. ರಜೆಗೆ ಬಂದಳೆಂದರೆ ತನ್ನ ಮೊಬೈಲನ್ನು ಟೀವಿಗೆ ಜೋಡಿಸಿ ಸಿನಿಮಾ ಹಚ್ಚುತ್ತಾಳೆ. ಅವಳಿಗೆ ಅಳುವ ಸಿನಿಮಾ ಬೇಡ, ಹೊಡೆದಾಟದ್ದೂ ಬೇಡ. ಮುಂದೆ ಯಾವಾಗಲೋ ಬರುವ ಕಾಲದ ಸಿನಿಮಾ ಬೇಕು. ಮೋಟಾರು ಆಕಾಶದಲ್ಲಿ ಓಡುತ್ತಿರುತ್ತವೆ, ಎಲ್ಲರೂ ಬೂದಿ ಬಣ್ಣದ ಅಂಗಿ ತೊಟ್ಟಿರುತ್ತಾರೆ, ಯಾರ ಮನೆಯಲ್ಲೂ ಒಲೆ ಇರುವುದಿಲ್ಲ. ಒಂದರಲ್ಲಿ ಒಬ್ಬನ ಬುದ್ಧಿಯನ್ನು ತೆಗೆದು ಇನ್ನೊಬ್ಬನ ತಲೆಗೆ ಹಾಕಿದರು. ಇನ್ನೊಂದರಲ್ಲಿ ಸತ್ತವನು ತಂತಿಯೊಳಗಿಂದ ಮಾತಾಡಿದ. ಕೊನೆಗೆ ಎಲ್ಲರೂ ಗಾಜಿನ ಕಿಟಕಿಯ ಮುಂದೆ ನಿಂತು, ನಾನು ಯಾರು ಎಂದು ಕೇಳಿಕೊಳ್ಳುತ್ತಾರೆ. ಅದೇನು ದೊಡ್ಡ ಪ್ರಶ್ನೆಯೋ. ನಮ್ಮಲ್ಲಿ ಮದುವೆಯ ದಿನವೇ ಹೆಸರು ಬದಲಿಸಿ ಬೇರೆ ಮನೆಯ ಒಲೆಯ ಮುಂದೆ ಕೂರಿಸುತ್ತಾರೆ. ಗಾಜಿನ ಮುಂದೆ ನಿಲ್ಲಲು ಪುರಸೊತ್ತು ಯಾರಿಗಿರುತ್ತದೆ?

ಆ ಮಧ್ಯಾಹ್ನದ ಸಿನಿಮಾ ಮಾತ್ರ ನನ್ನನ್ನು ಹಿಡಿದು ಕೂರಿಸಿತು. ಹಿಂದಿಯಲ್ಲಿತ್ತು. ಮರಾಠಿ ಬರುವ ನಮಗೆ ಹಿಂದಿ ಅರ್ಧ ತಿಳಿಯುತ್ತದೆ, ಉಳಿದರ್ಧ ಮೊಮ್ಮಗಳು ಹೇಳುತ್ತಿದ್ದಳು. ನನ್ನ ಗಂಡ ಪಕ್ಕದಲ್ಲಿ ಬಶಿಯಲ್ಲಿ ಚಹಾ ಸುರಿದುಕೊಂಡು ಕೂತಿದ್ದ.

ಸಿನಿಮಾದಲ್ಲಿ ಒಬ್ಬನ ಹೆಂಡತಿ ಸಾಯುತ್ತಾಳೆ. ಅವನು ಶಾಣ್ಯಾ ಮನುಷ್ಯ. ಯಂತ್ರದ ಹೆಂಗಸನ್ನು ಮಾಡುತ್ತಾನೆ. ಮೈ ಎಲ್ಲ ನಮ್ಮ ಹಾಗೆಯೇ, ಬಿಸಿ ಕೂಡ ಇರುತ್ತದೆಯಂತೆ. ಆಮೇಲೆ ಅವಳ ಕೊರಳ ಕೆಳಗೆ ಬೆಳ್ಳಗೆ ಹೊಳೆಯುವ ಒಂದು ಚೂರನ್ನು ಇಡುತ್ತಾನೆ.

“ಅದೇನ ಇಟ್ಟ ಅಂವ ಆಕಿ ಕೊರಳಾಗ?” ಎಂದೆ.

“ಚಿಪ್, ಆಯಿ. ಸತ್ತ ಹೆಂಡ್ತಿ ನೆನಪೆಲ್ಲಾ ಅದರಾಗ ತುಂಬ್ಯಾನ.”

“ಟಾಕ ಅನ್ನ ಹಂಗಾರ.”

“ಟಾಕ ಅಲ್ಲ ಬೇ, ಸೈನ್ಸ್ ಅದು.”

“ಉಗುರಿನಷ್ಟ ಐತಿ, ಬೆಳ್ಳಗೈತಿ, ಕೊರಳಾಗೈತಿ, ಒಳಗ ಸತ್ತಾಕಿ ಕುಂತಾಳ. ಟಾಕ ಅಲ್ಲದ ಮತ್ತೇನ ಅದು?”

ಮೊಮ್ಮಗಳು ನನ್ನ ಕೊರಳು ನೋಡಿದಳು. ಆಮೇಲೆ ಟೀವಿ ನೋಡಿದಳು.

ಗೊಂಬೆ ಎದ್ದು ಕೂತಿತು. ಗಂಡನನ್ನು ಸತ್ತವಳು ಕರೆಯುವ ಹಾಗೆಯೇ ಕರೆಯಿತು. ಕಪಾಟಿನ ಕೀಲಿ ಎಲ್ಲಿದೆ ಎಂದು ಅದಕ್ಕೆ ಗೊತ್ತು. ಮದುವೆಯ ದಿನ ಯಾರು ಯಾರ ಮೇಲೆ ಮುನಿಸಿಕೊಂಡಿದ್ದರೋ ಅದೂ ಗೊತ್ತು. ಗಂಡನಿಗೆ ಖುಷಿಯೋ ಖುಷಿ. ಒಂದು ದಿನ ಗೊಂಬೆ ಕನ್ನಡಿಯ ಮುಂದೆ ಬಟ್ಟೆ ಸರಿಸಿ ಮೊಣಕಾಲು ನೋಡಿಕೊಳ್ಳುತ್ತದೆ. ಸಣ್ಣವಳಿದ್ದಾಗ ಜೋಕಾಲಿಯಿಂದ ಬಿದ್ದದ್ದು ನೆನಪಿದೆ, ಕಲೆ ಮಾತ್ರ ಇಲ್ಲ, ಹಾಗಾದರೆ ಬಿದ್ದವಳು ಯಾರು ಎನ್ನುತ್ತದೆ. ಇನ್ನೊಂದು ದಿನ ಅದು ತನ್ನ ಮನಸ್ಸಿಗೆ ಬಂದ ಹಾಗೆ ಏನೋ ಸಾರು ಮಾಡುತ್ತದೆ. ಗಂಡ ಒಂದು ಚಮಚ ಬಾಯಿಗಿಟ್ಟು ಕೆಳಗಿಡುತ್ತಾನೆ. ಅವಳು ಹೀಗೆ ಮಾಡುತ್ತಿರಲಿಲ್ಲ ಎನ್ನುತ್ತಾನೆ.

“ಸುರುವು ಆ ಸಾರು ಅವನ ತಲಿ ಮ್ಯಾಲ,” ಎಂದೆ ನಾನು.

“ಆಯಿ, ನೀ ಗೊಂಬಿ ಪಾರ್ಟಿ ಆಗೀದಿ,” ಎಂದು ಮೊಮ್ಮಗಳು ನಕ್ಕಳು.

ಆಗದೆ ಏನು ಮಾಡಲಿ. ನಾನು ಈ ಮನೆಗೆ ಬಂದ ಹೊಸತರಲ್ಲಿ ಜುಣಕ ಮಾಡಿ ಬಡಿಸಿದ್ದೆ. ನಮ್ಮ ಐಗಳಿಯ ಪದ್ಧತಿ, ಕಡಲೆ ಹಿಟ್ಟಿಗೆ ಕೆಂಪು ಖಾರ, ಮೇಲೆ ಶೇಂಗಾಪುಡಿ. ಒಂದು ತುತ್ತು ತಿಂದು, “ಯಡೂರಾಕಿ ಬೆಳ್ಳುಳ್ಳಿ ಜಜ್ಜಿ ಹಾಕತಿದ್ಲು,” ಎಂದ. ಅಷ್ಟೇ ಅಂದದ್ದು. ಮರುದಿನದಿಂದ ಬೆಳ್ಳುಳ್ಳಿ ಜಜ್ಜಿದೆ. ಇವತ್ತಿನವರೆಗೂ ಜಜ್ಜುತ್ತಿದ್ದೇನೆ. ಕೈ ನನ್ನದು, ಜುಣಕ ಅವಳದು.

ಗೊಂಬೆ ಅಡಿಗೆಮನೆಯಲ್ಲಿ ಒಬ್ಬಳೇ ನಿಂತಿತ್ತು. ಆಗಲೇ ಕರೆಂಟು ಹೋಯಿತು. ಟೀವಿ ಕಪ್ಪಾಯಿತು. ನನ್ನ ಗಂಡ ನನ್ನ ಕಡೆ ಹೊರಳಿದ. ನನ್ನ ಕೊರಳು ನೋಡಿದ, ಬಶಿಯನ್ನು ಮುಂದೆ ಹಿಡಿದ.

“ಯಡೂರಾಕಿ, ಅರ್ಧ ಇಟ್ಟೇನಿ. ಆರತೈತಿ, ಕುಡಿ.”

ಅವನಿಗೆ ಮರೆವಿನ ರೋಗ. ರಾಯಬಾಗದ ಡಾಕ್ಟರು ಇದು ಹಿಂದಕ್ಕೆ ಬರುವುದಲ್ಲ ಎಂದು ಮಗನಿಗೆ ಹೇಳಿದ್ದಾರೆ. ಮೊದಲು ನಿನ್ನೆಯದು ಹೋಯಿತು, ಆಮೇಲೆ ಹೋದ ವರ್ಷದ್ದು. ಹೀಗೆ ಮೇಲಿನಿಂದ ಒಂದೊಂದೇ ಪದರು ಕಳಚುತ್ತ ಕೆಳಗಿಳಿದ. ಕೆಳಗೆ ಯಡೂರಾಕಿ ಕಾಯುತ್ತ ಕೂತಿದ್ದಳು. ನಡುವೆ ನಾನು ಬಾಳಿದ ಅಷ್ಟೂ ವರ್ಷ ಕಬ್ಬು ಕಡಿದ ಹೊಲದ ಹಾಗೆ ಬಯಲು. ಟಾಕು ನೋಡುತ್ತಾನೆ, ನನ್ನನ್ನು ಅವಳು ಅನ್ನುತ್ತಾನೆ. ಮುಖ ನೋಡುವುದಿಲ್ಲ.

ಅವಳಿಗೆ ಎಷ್ಟು ಮಾಡುತ್ತಾನೆ ಅಂತೀರಿ. ಬಶಿಯಲ್ಲಿ ಅರ್ಧ ಚಹಾ ಉಳಿಸುತ್ತಾನೆ. ಕಬ್ಬಿನ ಗಣಿಕೆ ಸುಲಿದು ಸಿಹಿ ಇರುವ ಬುಡದ ತುಂಡು ಕೊಡುತ್ತಾನೆ. ನನಗೆ ಹಲ್ಲಿಲ್ಲ, ಅದು ಬೇರೆ ಮಾತು. ಐಗಳ್ಯಾಕಿಗೆ ಅವನು ಎಂದೂ ಹೀಗೆ ಮಾಡಿದವನಲ್ಲ. ಐಗಳ್ಯಾಕಿಗೆ ಹೇಳುತ್ತಿದ್ದದ್ದು ಎಮ್ಮೆಗೆ ನೀರಿಟ್ಟೆಯಾ, ಮೋಟಾರು ಬಂದ್ ಮಾಡಿದೆಯಾ, ಇಷ್ಟೇ.

ಮತ್ತೆ ಒಂದು ಕಥೆ ಇದೆ, ದಿನಾ ಹೇಳುತ್ತಾನೆ. ಸೇತುವೆ ಇಲ್ಲದ ಕಾಲಕ್ಕೆ ಇಬ್ಬರೂ ನಾವೆಯಲ್ಲಿ ಯಡೂರಿಗೆ ಹೊರಟಿದ್ದರಂತೆ. ಅವಳ ಕಾಲಿನ ಗೆಜ್ಜೆ ಕಳಚಿ ಹೊಳೆಗೆ ಬಿತ್ತಂತೆ. ಇವನು ಅಂಗಿ ಸಮೇತ ಜಿಗಿದನಂತೆ. ಗೆಜ್ಜೆ ಸಿಗಲಿಲ್ಲ, ಒಂದು ಹಿಡಿ ಕೆಸರು ತಂದು ಅವಳ ಕೈಗಿಟ್ಟನಂತೆ. ಹೇಳಿ ಮುಗಿಸಿ ಕೇಳುತ್ತಾನೆ, “ನೆನಪೈತೇನ?”

ಐತಿ ಎಂದರೆ ನಗುತ್ತಾನೆ. ನಾ ಐಗಳ್ಯಾಕಿ ಎಂದು ಒಂದು ಸಲ ಹೇಳಿದೆ. ಮಕ್ಕಳ ಹಾಗೆ ಹೆದರಿದ. ಅದಕ್ಕೇ ಐತಿ ಎನ್ನುತ್ತೇನೆ. ನಾನು ನಾವೆ ಹತ್ತಿದವಳಲ್ಲ. ನನ್ನ ಕಾಲಿಗೆ ಯಾರೂ ಗೆಜ್ಜೆ ಕಟ್ಟಿರಲಿಲ್ಲ. ಆದರೂ ಈಗ ಕಣ್ಣು ಮುಚ್ಚಿದರೆ ಗೆಜ್ಜೆ ನೀರಿಗಿಳಿಯುವುದು ಕಾಣುತ್ತದೆ, ಅಂಗೈಯಲ್ಲಿ ಕೆಸರು ತಣ್ಣಗೆ ಹತ್ತುತ್ತದೆ. ಆ ಗೊಂಬೆ ಮೊಣಕಾಲು ನೋಡಿಕೊಂಡದ್ದು ನನಗೆ ಚೆನ್ನಾಗಿ ತಿಳಿಯಿತು. ಸತ್ತವಳ ನೆನಪು ಕೂಡ ನನ್ನೊಳಗೇ ಬಂದು ಬಿಡಾರ ಹೂಡಿದೆ, ಬಾಡಿಗೆ ಇಲ್ಲ.

ನನಗೆ ಬೇಕಾದದ್ದು ಒಂದೇ. ಅವನು ಕಣ್ಣು ಮುಚ್ಚುವ ಮೊದಲು ಒಂದು ಸಲ ಐಗಳ್ಯಾಕಿ ಎಂದು ಕರೆಯಬೇಕು. ಪ್ರೀತಿಯಿಂದ ಬೇಡ. ಬೈಯಲಿ, ಪರವಾಗಿಲ್ಲ. ನಾನು ಇದ್ದೆ ಎಂದು ಅವನಿಗೆ ಗೊತ್ತಿರಬೇಕು.

ಮರುದಿನ ಮುಂಜಾನೆ ಶೇಂಗಾ ಒಡೆಯುತ್ತ ಕೂತಾಗ ಸಿನಿಮಾದ ಕೊನೆ ಏನಾಯಿತು ಎಂದು ಮೊಮ್ಮಗಳನ್ನು ಕೇಳಿದೆ. ಅವಳು ಮೊಬೈಲಿನಲ್ಲಿ ನೋಡಿ ಮುಗಿಸಿದ್ದಳು.

“ಗೊಂಬಿ ತಾನ ಆ ಚಿಪ್ ಕಿತ್ತ ತಗೀತೈತಿ ಆಯಿ. ತಗದಕೂಡ್ಲೆ ಕಲ್ಲಿನಂಗ ನಿಂತ ಬಿಡತೈತಿ.”

“ಯಾಕ?”

“ಒಳಗ ಬ್ಯಾರೆ ಏನೂ ಇರಲಿಲ್ಲಲ್ಲ. ನೆನಪ ಅಂದ್ರನ ಆತ್ಮ. ಅದ ಹೋತಂದ್ರ ಮನಶಾನ ಇಲ್ಲ. ಹಂಗ ತೋರಸ್ಯಾರ.”

“ಹಂಗಾರ ನಿಮ್ಮ ಮುತ್ಯಾಗ ಆತ್ಮ ಇಲ್ಲ?”

ಅವಳು ಶೇಂಗಾ ಒಡೆಯುವುದನ್ನು ನಿಲ್ಲಿಸಿದಳು. “ಹಂಗಲ್ಲ ಆಯಿ.”

“ಮುಂಜಾನೆ ರೊಟ್ಟಿ ಹಾಕಿಸ್ಕೊಂಡ ತಿಂದಾನ, ಮ್ಯಾಲ ಮಜ್ಜಿಗಿ ಬೇಡ್ಯಾನ. ಆತ್ಮ ಇಲ್ಲದಂವ ಮಜ್ಜಿಗಿ ಬೇಡತಾನ? ಮತ್ತ ಆ ಗೊಂಬಿ ಸಾರು ಮಾಡಿತ್ತಲ್ಲ, ಸತ್ತಾಕಿಗೆ ಬರಲಾರದ ಸಾರು. ಅದು ಯಾರ ನೆನಪಿಂದ ಬಂತ?”

“ನನಗೇನ ಗೊತ್ತ. ನಾ ಸಿನೇಮಾ ನೋಡಾಕಿ, ಮಾಡಾಕಿ ಅಲ್ಲ,” ಎಂದಳು.

ಅದೂ ಸರಿಯೇ. ಆದರೆ ಆ ಕೊನೆ ನನಗೆ ಸೇರಲಿಲ್ಲ. ಅವಳ ಟಾಕು ತೆಗೆದರೆ ಹೊತ್ತವಳು ಕಲ್ಲಾಗಬೇಕೆ? ಇಷ್ಟು ದಿನ ಹೊತ್ತವಳು ಯಾರು ಹಾಗಾದರೆ? ನಾನು ಶೇಂಗಾದ ಸೊಟ್ಟೆ ಕೊಡವಿ ಎದ್ದು, ಕೊರಳಿನ ದಾರ ಹಲ್ಲಿನಿಂದ ಕಡಿಯಲು ಹೋದೆ. ಹಲ್ಲಿಲ್ಲ. ಈಳಿಗೆಗೆ ಹಿಡಿದು ಕೊಯ್ದೆ.

ಸೊಸೆ ಅಡಿಗೆಮನೆಯಿಂದ ಓಡಿ ಬಂದಳು. “ಅತ್ತಿ, ಏನ ಮಾಡಾಕತ್ತೀರಿ? ಹಿರಿ ಅತ್ತಿ ಸಿಟ್ಟಾದ್ರ?”

“ಆಗಲಿ. ಎದರಿಗೆ ಬರಲಿ. ಒಮ್ಮೆರೆ ಮಾರಿ ತೋರಸಲಿ ಆಕಿ.”

ಟಾಕನ್ನು ದೇವರ ಜಗುಲಿಯ ಮೇಲೆ ಇಟ್ಟೆ. ಅದಿದ್ದ ಜಾಗದಲ್ಲಿ ನನ್ನ ಚರ್ಮ ಹೊಸದರ ಹಾಗೆ ಬೆಳ್ಳಗಿತ್ತು. ಕಲ್ಲಾಗುತ್ತೇನೋ ಎಂದು ಕೊಂಚ ಹೊತ್ತು ನಿಂತು ನೋಡಿದೆ. ಮೊಣಕಾಲು ನೋಯುತ್ತಿತ್ತು, ಅಂದಮೇಲೆ ಕಲ್ಲಾಗಿರಲಿಲ್ಲ. ಹಿತ್ತಲಿಗೆ ಹೋಗಿ ಎಮ್ಮೆಯ ಕೆಚ್ಚಲಿಗೆ ಕೈ ಹಾಕಿದೆ. ಸೊಸೆ ಮುಟ್ಟಿದರೆ ಒದೆಯುವ ಎಮ್ಮೆ ಅದು. ನನಗೆ ಎಂದಿನಂತೆ ತೊರೆಬಿಟ್ಟು ಹಾಲಿಳಿಸಿತು. ಎಮ್ಮೆಗೆ ನಾನು ಯಾರು ಎಂದು ಗೊತ್ತು. ಟಾಕು ನೋಡಿ ಹಾಲು ಕೊಡುವುದಿಲ್ಲ ಅದು.

ಮಧ್ಯಾಹ್ನ ಅವನು ಅಂಗಳದ ಬೇವಿನ ಕಟ್ಟೆಯ ಮೇಲೆ ಕೂತಿದ್ದ. ಚಹಾ ಒಯ್ದೆ. ಅವನು ನನ್ನ ಕೊರಳು ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಮೆಲ್ಲಗೆ ಮುಖ ನೋಡಿದ. ಅವನು ನನ್ನ ಮುಖ ನೋಡಿ ಎಷ್ಟೋ ದಿನವಾಗಿತ್ತು. ನಾನು ಸೆರಗು ಸರಿ ಮಾಡಿಕೊಂಡೆ.

“ಯಾವೂರಾತ್ರಿ ನಿಮ್ದು?” ಎಂದ.

ಈ ಬಾಯಿಂದ ನನಗೆ ರಿ ಎನ್ನುವ ಮಾತು ಬಂದದ್ದು ಅದೇ ಮೊದಲು.

“ಐಗಳಿ,” ಎಂದೆ.

“ಬರ್ರಿ, ಕುಂಡ್ರಿ. ಐಗಳಿ ಅಂದ್ರ ಬೀಗರೂರ ಆತ. ನಮ್ಮ ಮನ್ಯಾಗೂ ಐಗಳ್ಯಾಕಿ ಒಬ್ಬಾಕಿ ಅದಾಳ.”

ಬಶಿಯನ್ನು ಕಟ್ಟೆಯ ಮೇಲಿಟ್ಟೆ.

“ಹೆಂಗದಾಳ್ರಿ ಆಕಿ?”

ಅವನು ಬಾಗಿಲ ಕಡೆ ನೋಡಿ ದನಿ ಇಳಿಸಿದ. “ಬಾಯಿ ಭಾಳ್ರಿ. ಬೈಯಾಕ ನಿಂತಳಂದ್ರ ಸಕ್ಕರಿ ಫ್ಯಾಕ್ಟರಿ ಭೋಂಗಾ ಕೇಳಂಗಿಲ್ಲ.”

“ಮತ್ತ?”

“ಜುಣಕದಾಗ ಬೆಳ್ಳುಳ್ಳಿ ಸುರೀತಾಳ. ನನಗ ಸೇರಂಗಿಲ್ಲ. ಹೇಳಾಕ ಧೈರ್ಯ ಇಲ್ಲ.”

ಅವನ ಪಕ್ಕದಲ್ಲಿ ಕೂತೆ. “ಮತ್ತ ಬೆಳ್ಳುಳ್ಳಿ ಹಾಕಂತ ಹೇಳಿದಾರ ಯಾರ?”

“ನಾನ. ಹೊಸದಾಗಿ ಬಂದಾಗ ಬರೇ ಖಾರ, ಶೇಂಗಾ ಹಾಕಿ ಮಾಡಿದ್ಲ ನೋಡ್ರಿ. ಭಾಳ ಚಲೋ ಆಗಿತ್ತ. ಚಲೋ ಆಗೇತಿ ಅನ್ನಾಕ ನಾಚಿಕಿ ಬಂತ, ಅವ್ವ ಎದರಿಗೆ ಕುಂತಿದ್ಲು. ಯಡೂರಾಕಿ ಬೆಳ್ಳುಳ್ಳಿ ಹಾಕತಿದ್ಲು ಅಂದಬಿಟ್ಟೆ. ಅವತ್ತಿಂದ ಜಜ್ಜಾಕತ್ಯಾಳ.”

“ಯಡೂರಾಕಿ ಎಲ್ಲಿ ಅದಾಳ್ರಿ?” ಎಂದು ಕೇಳಿದೆ. ಕೇಳಬಾರದಿತ್ತೇನೋ. ಕೇಳಿಬಿಟ್ಟೆ.

ಅವನು ಬೇವಿನ ಎಲೆ ನೋಡುತ್ತ ಕೂತ. “ತೀರಕೊಂಡ್ಲಲ್ಲ. ಭಾಳ ಸಣ್ಣಾಕಿ,” ಎಂದ. ಬೇರೆ ಯಾರದೋ ಮಗಳ ವಿಷಯ ಹೇಳಿದ ಹಾಗೆ ಹೇಳಿದ. ಚಹಾವನ್ನು ಪೂರ್ತಿ ತಾನೇ ಕುಡಿದ. ಗುರುತಿಲ್ಲದ ಹೆಂಗಸಿಗೆ ಅರ್ಧ ಬಶಿ ಚಹಾ ಯಾರು ಕೊಡುತ್ತಾರೆ? ಆಮೇಲೆ ಧೋತರ ಸರಿ ಮಾಡಿಕೊಂಡು ಎದ್ದ.

“ಹೊತ್ತಾತ್ರಿ, ಮನಿಗೆ ಹೋಗತೇನಿ. ಐಗಳ್ಯಾಕಿ ದಾರಿ ನೋಡತಿರತಾಳ. ರೊಟ್ಟಿ ಆರಿದ್ರ ಬೈತಾಳ.”

ಅವನು ತನ್ನ ಅಂಗಳದಲ್ಲೇ ಇದ್ದ. ನಾಲ್ಕು ಹೆಜ್ಜೆ ನಡೆದು ತಲಬಾಗಿಲ ಚೌಕಟ್ಟು ಹಿಡಿದು ನಿಂತು ಒಳಗೆ ಮುಖ ಮಾಡಿ ಕೂಗಿದ.

“ಏ ಐಗಳ್ಯಾಕಿ.”

ಅವನು ಕರೆದದ್ದು ಮನೆಯೊಳಗಿನ ಕತ್ತಲೆಗೆ. ನಾನು ಅವನ ಬೆನ್ನ ಹಿಂದೆ ಕಟ್ಟೆಯ ಮೇಲಿದ್ದೆ. ಇಲ್ಲಿಂದಲೇ ಓ ಎಂದರೆ ಹೆದರುತ್ತಾನೆ. ಎದ್ದೆ, ಮನೆ ಸುತ್ತುಹಾಕಿ ಎಮ್ಮೆ ಮೇವು ತಿನ್ನುವ ಗ್ವಾದಲಿಯ ಪಕ್ಕದಿಂದ, ಅದರ ಹಗ್ಗ ದಾಟಿ, ಹಿತ್ತಲ ಬಾಗಿಲಿನಿಂದ ಅಡಿಗೆಮನೆಗೆ ನುಗ್ಗಿದೆ. ಇಷ್ಟು ಬಿರುಸಾಗಿ ನಾನು ನಡೆದು ವರ್ಷಗಳಾಗಿವೆ. ಅಷ್ಟರಲ್ಲಿ ಅವನು ಇನ್ನೊಂದು ಸಲ ಕರೆದಿದ್ದ. ಒಲೆಯ ಹತ್ತಿರ ಕತ್ತಲಲ್ಲೇ ನಿಂತೆ, ಮುಖ ತೋರಿಸಲಿಲ್ಲ.

“ಏನ ಬೇಕ?” ಎಂದೆ. ಎಂದಿನ ಹಾಗೆ ಗದರಿಸಿಯೇ ಅಂದೆ.

“ಏನೂ ಇಲ್ಲ. ಅದೀಯೇನ ಅಂತ ಕರದೆ.”

“ಅದೇನಿ.”

“ಹಾಂ,” ಎಂದು ಅವನು ಹೊಸ್ತಿಲ ಮೇಲೆ ಕೂತ.

ಅಂದು ಸಂಜೆ ಜುಣಕ ಮಾಡಿದೆ. ಬರೀ ಖಾರ, ಶೇಂಗಾ. ಬೆಳ್ಳುಳ್ಳಿಯ ಗಡ್ಡೆಯನ್ನು ಗೋಡೆಯ ಮಾಡದಲ್ಲಿ ಹಿಂದಕ್ಕೆ ತಳ್ಳಿದೆ. ಅವನು ತಿಂದ, ಮತ್ತೆ ಹಾಕಿಸಿಕೊಂಡ, ತಾಟು ಒರೆಸಿ ತಿಂದ. ಆಮೇಲೆ ಮೊಮ್ಮಗಳಿಗೆ ಹೇಳಿದ, “ಯಡೂರಾಕಿ ಕೈ ಅಂದ್ರ ಕೈ ನೋಡವಾ.”

ಮೊಮ್ಮಗಳಿಗೆ ನಗು ಬಂದು ನೀರು ನೆತ್ತಿಗೇರಿತು. ಸೊಸೆ ಅವಳ ಬೆನ್ನು ಗುದ್ದುತ್ತ ತಾನೂ ನಕ್ಕಳು. ನನಗೆ ನಗು ಬರಲಿಲ್ಲ. ಎದ್ದು ಜಗುಲಿಗೆ ಹೋಗಿ ಟಾಕು ಕೈಗೆತ್ತಿಕೊಂಡೆ. “ನನ್ನ ಜುಣಕಾನೂ ನೀನ ತಗೊಂಡೀಯೇನ?” ಎಂದೆ. ನೆಟ್ಟಗಿನ ಮೂಗಿನವಳು ಉತ್ತರ ಕೊಡಲಿಲ್ಲ. ಅವಳದು ಯಾವಾಗಲೂ ಹೀಗೆಯೇ, ಸುಮ್ಮನಿದ್ದೇ ಎಲ್ಲ ಗಿಟ್ಟಿಸಿಕೊಳ್ಳುತ್ತಾಳೆ.

ಈಗ ಮುಂಜಾನೆ ಹೊಸ ದಾರದಲ್ಲಿ ಟಾಕು ಕಟ್ಟಿಕೊಳ್ಳುತ್ತೇನೆ, ಅರ್ಧ ಬಶಿ ಚಹಾ ಕುಡಿಯುತ್ತೇನೆ. ಬಿಟ್ಟುಕೊಡಲು ನನಗೇನಾಗಿದೆ? ಮಧ್ಯಾಹ್ನ ಅದನ್ನು ಬಿಚ್ಚಿಟ್ಟು ಕಟ್ಟೆಗೆ ಹೋಗುತ್ತೇನೆ, ಐಗಳ್ಯಾಕಿಯ ಮೇಲಿನ ದೂರು ಕೇಳುತ್ತೇನೆ. ಎಲ್ಲ ದಿನ ಹೇಳುವುದಿಲ್ಲ. ಕೆಲವು ದಿನ ಸುಮ್ಮನೆ ಕೂತಿರುತ್ತಾನೆ, ಕೆಲವು ದಿನ ಆ ಕಟ್ಟೆಯ ಹೆಂಗಸಿನ ಜೊತೆ ಎಷ್ಟು ಮರ್ಯಾದೆಯಿಂದ, ಎಷ್ಟು ನಗುತ್ತ ಮಾತಾಡುತ್ತಾನೆಂದರೆ ಅವಳ ಮೇಲೂ ನನಗೆ ಕಿಚ್ಚು ಬರುತ್ತದೆ. ಗುರುತಿಲ್ಲದವಳಿಗೆ ಇಷ್ಟು ರಿ ರಿ ಯಾಕೆ?

ಮೊಮ್ಮಗಳು ನಿಪ್ಪಾಣಿಯಿಂದ ನನಗೊಂದು ಸೀರೆ ತಂದಳು. ಹಸಿರು, ಅಂಚು ಕೆಂಪು. ಸೊಸೆ ಅದನ್ನು ಪದ್ಧತಿಯಂತೆ ಜಗುಲಿಯ ಮುಂದೆ ಇಡಲು ಹೊರಟಿದ್ದಳು. ಅವಳ ಕೈಯಿಂದ ಇಸಿದುಕೊಂಡೆ. ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ, ಮಡಿಕೆ ಬಿಚ್ಚಿದರೆ ಪರಪರ ಸದ್ದು. ಉಟ್ಟುಕೊಂಡು ನಿರಿಗೆ ಹಿಡಿದೆ. ಆಮೇಲೆ ಜಗುಲಿಗೆ ಹೋಗಿ ಟಾಕಿನ ಮುಂದೆ ನಿಂತು, ನೋಡು, ಹೀಗಿದೆ ಎಂದೆ. ನಾನು ಬಿಚ್ಚಿದ ಮೇಲೆ ಅವಳು ಬೇಕಾದರೆ ಉಟ್ಟುಕೊಳ್ಳಲಿ.